ಪೊಟರೆ ನೋಡಿ ಕೊಂಬೆ ಕಡಿಯಿರಿ

ಮಾನ್ಯ ಸಂಪಾದಕರೇ,

ನಾನು, ನನ್ನ ಹೆಂಡತಿ ಇಬ್ಬರೂ ನಿವೃತ್ತರು. ಧಾರವಾಡದಿಂದ ಪುಣೆಯ ಕೋಥ್ರೂಡಿಗೆ ಬಂದು ಮೂವತ್ತು ವರ್ಷ ಆಯ್ತು. ದಿನಾ ಬೆಳಿಗ್ಗೆ ವೇತಾಳ ಟೇಕಡಿ ಹತ್ತಿ ಹಕ್ಕಿ ನೋಡುವುದು ನಮ್ಮ ರೂಢಿ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂತು, ಆ ರೂಢಿಯೂ ನಿಂತಿತು. ಮಗಳು, ಮೊಮ್ಮಗ ಬೆಂಗಳೂರಿನಲ್ಲೇ ಉಳಿದರು.

ಆ ಏಪ್ರಿಲ್‌ನಲ್ಲಿ ನಮ್ಮ ಬಾಲ್ಕನಿ ಎದುರಿನ ಹಳೇ ಮರದ ಪೊಟರೆಗೆ ಬೂದು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಜೋಡಿ ಬಂತು. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಂಡಿತು, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ಗಂಡು ಗಂಟಲಲ್ಲಿ ತುಂಬಿಕೊಂಡು ಬಂದ ಆಲದ ಹಣ್ಣನ್ನು ಒಂದೊಂದಾಗಿ ಹೊರತೆಗೆದು ಆ ಸೀಳಿಗೆ ಕೊಡುತ್ತಿತ್ತು. ಒಮ್ಮೆ ನನ್ನವಳು ಎಣಿಸಿದಳು, ಹದಿನಾರು! ಸಂಜೆ ವಿಡಿಯೋ ಕಾಲ್‌ನಲ್ಲಿ ಮೊಮ್ಮಗನ ಮೊದಲ ಪ್ರಶ್ನೆ, "ಅಜ್ಜಿ, ಅಪ್ಪ ಹಕ್ಕಿ ಬಂತಾ?"

ಆ ವರ್ಷ ಕೊಂಬೆ ಕಡಿಯುವವರು ಬರಲಿಲ್ಲ. ಮರಿಗಳು ಹಾರಿದವು. ಈಗ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ, ಸರಿಯಾಗಿ ಗೂಡಿನ ಹೊತ್ತಿಗೇ, ಇಲ್ಲಿನ ವಸತಿ ಸೊಸೈಟಿಗಳಲ್ಲಿ ಗರಗಸ ಓಡುತ್ತದೆ. ಹೋದ ವರ್ಷ ಪಕ್ಕದ ಸೊಸೈಟಿಯಲ್ಲಿ ಪೊಟರೆ ಇದ್ದ ಕೊಂಬೆಯೇ ಹೋಯ್ತು. ನನ್ನವಳು ಅವತ್ತು ಊಟ ಮಾಡಲಿಲ್ಲ.

ಮರ ಕಡಿಯಲು ಅನುಮತಿ ಬೇಕೆಂದು ಮಹಾರಾಷ್ಟ್ರದಲ್ಲಿ 1975ರಿಂದಲೇ ಕಾಯಿದೆ ಇದೆ. ಅನುಮತಿ ಕೊಡುವವರು ಒಮ್ಮೆ ಬಂದು ಪೊಟರೆ ನೋಡಲಿ. ಒಣ ಕೊಂಬೆಯನ್ನು ಚಳಿಗಾಲದಲ್ಲೇ ಕಡಿಯಬಹುದು ಅಲ್ವಾ? ನಮ್ಮ ಎದುರಿನ ಮರಕ್ಕೆ ಈ ವಾರ ಮತ್ತೆ ಜೋಡಿ ಬಂದಿದೆ.

— ಒಬ್ಬ ಓದುಗ, ಕೋಥ್ರೂಡ್, ಪುಣೆ