ರಾತ್ರಿ 10ರ ಇಂಜೆಕ್ಷನ್ ಬಗ್ಗೆ ನಮ್ಮ ಗ್ರಾಹಕರಿಗೆ

ಪ್ರೀತಿಯ ಗ್ರಾಹಕರೇ,

ಮುಂದಿನ ತಿಂಗಳ 1ರಿಂದ ನಮ್ಮ ಮೆಡಿಕಲ್ ಶಾಪ್ ರಾತ್ರಿ 11ರ ಬದಲು 9ಕ್ಕೇ ಮುಚ್ಚುತ್ತದೆ. ಎಚ್‌ಸಿಜಿ, ಅಂದರೆ ಮಗುವಿಗಾಗಿ ಚಿಕಿತ್ಸೆ ತಗೊಳ್ಳುವಾಗ ಹಾಕುವ, ನೀವೆಲ್ಲ ಟ್ರಿಗರ್ ಅನ್ನುವ ಇಂಜೆಕ್ಷನ್ ಬೇಕಿದ್ದವರು ಒಂದು ದಿನ ಮುಂಚೆ ಹೇಳಿಟ್ಟು, 9ರೊಳಗೆ ಒಯ್ಯಬೇಕು. ರಾತ್ರಿ ಕೂರುತ್ತಿದ್ದ ಹುಡುಗ ಕೆಲಸ ಬಿಟ್ಟ. ಹೋದ ತಿಂಗಳು ಒಬ್ಬರಿಗೆ 10ರ ಇಂಜೆಕ್ಷನ್ ಕೊಡುವಾಗ 11 ಆಗಿತ್ತು. ತಪ್ಪು ನಮ್ಮದೇ, ಕ್ಷಮಿಸಿ. ಇಷ್ಟು ವರ್ಷದಲ್ಲಿ ಹಾಗಾಗಿದ್ದು ಅದೊಂದೇ ಸಲ ಅನ್ನುವುದನ್ನೂ ಹೇಳಿಬಿಡುತ್ತೇವೆ.

"ಸಂಜೆ 7ಕ್ಕೇ ಹಾಕಿಸ್ಕೊಂಡು ಬಸ್ ಹಿಡೀತೀವಿ, ಬೇಗ ಹಾಕಿದ್ರೆ ಏನಾಗುತ್ತೆ?" ದಿನಾ ಕೇಳುವ ಮಾತು ಇದು. ರಾತ್ರಿ 10 ಅನ್ನುವ ಟೈಮ್ ನಾವು ಇಟ್ಟಿದ್ದಲ್ಲ. ಈ ಇಂಜೆಕ್ಷನ್ ಹಾಕಿದ ಸುಮಾರು 36ರಿಂದ 40 ಗಂಟೆಗೆ ಅಂಡಾಣು ಹೊರಬರುತ್ತದೆ. ಐವಿಎಫ್‌ನವರಿಗೆ, ಅಂದರೆ ಅಂಡಾಣು ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡಿಸುವವರಿಗೆ, ಅದು ತಾನಾಗಿ ಹೊರಬೀಳುವ ಮೊದಲೇ ಡಾಕ್ಟರು ತೆಗೆಯಬೇಕು. ಸೋಮವಾರ ಬೆಳಗ್ಗೆ 10ಕ್ಕೆ ತೆಗೆಯುವುದಾದರೆ, 36 ಗಂಟೆ ಹಿಂದಕ್ಕೆ ಎಣಿಸಿ ನೋಡಿ. ಶನಿವಾರ ರಾತ್ರಿ 10 ಬರುತ್ತದೆ ಅಲ್ವಾ? ನೀವು 7ಕ್ಕೇ ಹಾಕಿಸಿಕೊಂಡರೆ ಅದು 39 ಗಂಟೆ. ಅಷ್ಟರಲ್ಲಿ ಅಂಡಾಣು ಕೈತಪ್ಪಿದರೆ ಅಷ್ಟು ದಿನ ಚುಚ್ಚಿಸಿಕೊಂಡಿದ್ದೆಲ್ಲ ಸುಮ್ನೆ. ಐಯುಐಗೆ, ಅಂದರೆ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆಗೆ, ಸ್ವಲ್ಪ ಸಡಿಲ ಇರಬಹುದು, ಆದರೆ ಅದನ್ನು ಡಾಕ್ಟರೇ ಹೇಳಬೇಕು, ಅಂಗಡಿಯವರಲ್ಲ.

ಇನ್ನು ದುಡ್ಡಿನ ಮಾತು. ಬೆಲೆಯನ್ನು ಪೆಟ್ಟಿಗೆ ಮೇಲೆ ಅಚ್ಚು ಹಾಕುವವರು ಕಂಪನಿಯವರು, ಬೈಸಿಕೊಳ್ಳುವವರು ನಾವು. ಈ ಇಂಜೆಕ್ಷನ್‌ಗಳನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಅದಕ್ಕೇ ಬೇರೆ ಫ್ರಿಜ್, ಕರೆಂಟ್ ಹೋದರೆ ಇನ್ವರ್ಟರ್. ನೀವು ಬೇಕು ಅಂತ ಹೇಳಿಟ್ಟು, ಆಮೇಲೆ ಬರದೆ ಹೋದರೆ ಡೇಟ್ ಮುಗಿದ ವಯಲ್, ಅಂದರೆ ಔಷಧದ ಸಣ್ಣ ಶೀಶೆ, ನಮ್ಮ ತಲೆ ಮೇಲೆ. ಒಮ್ಮೆ ಹೊರಗೆ ಹೋದದ್ದನ್ನು ವಾಪಸ್ ತಗೊಳ್ಳುವುದೂ ಆಗುವುದಿಲ್ಲ. ದಾರಿಯಲ್ಲಿ ಎಷ್ಟು ಬಿಸಿಯಾಗಿತ್ತೋ ಯಾರಿಗೆ ಗೊತ್ತು?

ಐಸ್ ಪ್ಯಾಕ್ ಹಾಕಿದ ಡಬ್ಬಿ ನಾವೇ ಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ. ವಯಲ್ ಐಸ್‌ಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿರುತ್ತೇವೆ, ಬಿಚ್ಚಬೇಡಿ. ಐಸ್‌ನಂತೆ ಗಡ್ಡೆ ಕಟ್ಟಿದರೂ ಔಷಧ ಕೆಡುತ್ತದೆ. ಪುಡಿ ಇರುವ ವಯಲ್ ಆದರೆ ಹಾಕುವ ಹೊತ್ತಿಗೇ ನರ್ಸ್ ಬೆರೆಸಲಿ.

ಇನ್ನೊಂದು. ಇಂಜೆಕ್ಷನ್ ಹಾಕಿಸಿಕೊಂಡ ಐದಾರು ದಿನಕ್ಕೇ ಪ್ರೆಗ್ನೆನ್ಸಿ ಕಿಟ್ ಕೇಳಿಕೊಂಡು ಬರಬೇಡಿ. ಕಿಟ್ ಹುಡುಕುವುದೂ ಎಚ್‌ಸಿಜಿಯನ್ನೇ. ಇಂಜೆಕ್ಷನ್ನಿನದು ಮೈಯಲ್ಲಿ ಉಳಿದಿದ್ದರೆ ಸುಳ್ಳು ಗೆರೆ ಬರುತ್ತದೆ. ಕಿಟ್ ಮಾರಿದರೆ ನಮಗೆ ಲಾಭವೇ, ಆದರೂ ಬೇಡ. ಡಾಕ್ಟರು ಹೇಳಿದ ದಿನ ಬನ್ನಿ.

ಜಗಳೂರು, ಚನ್ನಗಿರಿ ಕಡೆಯಿಂದ ದಾವಣಗೆರೆಗೆ ಬರುವವರು ಹೊರಡುವ ಮುಂಚೆ ಫೋನ್ ಮಾಡಿ. ಡಬ್ಬಿ ಮೇಲೆ ನಿಮ್ಮ ಹೆಸರು ಬರೆಯುವುದಿಲ್ಲ, ಹಾಕಿಸಿಕೊಳ್ಳುವ ಟೈಮ್ ಮಾತ್ರ ಬರೆದಿರುತ್ತೇವೆ. ಕೌಂಟರಿನಲ್ಲಿ ಅದನ್ನೇ ಹೇಳಿದರೆ ಸಾಕು.

ನಿಮ್ಮ ಮೆಡಿಕಲ್ ಶಾಪಿನವರು