ಹೆಡ್ ವಾರ್ಡರ್ ಸಾಹೇಬರಿಗೆ, ಮತ್ತು ಉಳಿದೆಲ್ಲರಿಗೂ

ಕೈದಿಗಳ ದೂರುಗಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ನಮ್ಮ ಜಿಲ್ಲಾ ಕಾರಾಗೃಹದ ಸಿಬ್ಬಂದಿಗೆ ನಡೆಸುತ್ತಿದ್ದ ತರಬೇತಿಯ ಕೊನೆಯ ತಂಡವೂ ಶನಿವಾರ ಮುಗಿಯಿತು. ಪಾಠ ಮಾಡಿದ ವಕೀಲ ಗೆಳೆಯರಿಗೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರಿಗೆ, ಪಾಳಿ ಹೊಂದಿಸಿಕೊಟ್ಟ ಅಧೀಕ್ಷಕರಿಗೆ, ಊಟ ಬಡಿಸಿದವರಿಗೆ ಹೃತ್ಪೂರ್ವಕ ಧನ್ಯವಾದ.

ಒಬ್ಬರ ಬಗ್ಗೆ ಮಾತ್ರ ಹೀಗೆ ಸಾಲಿನಲ್ಲಿ ಸೇರಿಸಿ ಮುಗಿಸಲಾರೆ. ಹೆಸರು ಬರೆಯಬೇಡಿ ಅಂದಿದ್ದಾರೆ. ಹೆಡ್ ವಾರ್ಡರ್ ಸಾಹೇಬರು ಅಂದರೆ ನಿಮಗೆಲ್ಲ ಗೊತ್ತಾಗುತ್ತದೆ.

ಮೊದಲ ದಿನ ಎಲ್ಲರದೂ ಬಿಗಿದ ಮುಖ. ಹೊರಗಿನಿಂದ ಬಂದು ಜೈಲು ನೋಡಿ ಹೋಗುವ ಸಂದರ್ಶಕರ ಮಂಡಳಿ, ಮಾನವ ಹಕ್ಕುಗಳ ಆಯೋಗ ಅಂದರೆ ತಮ್ಮ ನೌಕರಿಗೆ ಕುತ್ತು ತರುವವರು ಎಂದೇ ಅವರ ಎಣಿಕೆ. ನಾನು ಸುನಿಲ್ ಬಾತ್ರಾ ಪ್ರಕರಣ ಹೇಳುತ್ತಿದ್ದೆ. ಮರಣದಂಡನೆಗೆ ಗುರಿಯಾಗಿ ದೆಹಲಿಯ ತಿಹಾರ್ ಜೈಲಿನಲ್ಲಿದ್ದ ಆತ, ಇನ್ನೊಬ್ಬ ಕೈದಿಗೆ ಜೈಲಿನವರು ಕೊಟ್ಟ ಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಎತ್ತಿಕೊಂಡಿತು. ದೂರು ಪೆಟ್ಟಿಗೆಗಳು ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ನ್ಯಾಯಾಧೀಶರ ಆದೇಶದಂತೆ ಇರಬೇಕು ಎಂದು 1979ರ ತೀರ್ಪು ಹೇಳಿತು. "ಹಂಗಾದ್ರೆ ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಸಾಹೇಬರು ಎದ್ದು ನಿಂತರು. "ಬೀಗದ ಕೈ ನಮ್ಮ ಸೊಂಟದಲ್ಲಿದ್ರೆ ಯಾವನು ಚೀಟಿ ಹಾಕ್ತಾನೋ? ನಾಳೆ ನಿನ್ನ ಮೇಲೆ ಸುಳ್ಳು ದೂರು ಬಂದ್ರೂ ಹೊರಗಿನವರು ನೋಡಿ ಹೇಳಿದ್ರೇನೇ ಜನ ನಂಬೋದು." ಆಮೇಲೆಯೇ ಪೆನ್ನುಗಳು ಜೇಬಿನಿಂದ ಹೊರಬಂದದ್ದು.

ಆಮೇಲೊಮ್ಮೆ ಒಬ್ಬ ಕೈದಿ ದೂರು ಬರೆದಿದ್ದ. ಆ ರಾತ್ರಿ ಆಗಿದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ದೂರು ಬರೆದವನ ಹೆಸರು ಬ್ಯಾರಕ್‌ನಲ್ಲೆಲ್ಲ ಹರಡಿತ್ತು. ಪಾಳಿ ಮುಗಿದರೂ ಸಾಹೇಬರು ಮನೆಗೆ ಹೋಗಲಿಲ್ಲ. ಕಬ್ಬಿಣದ ಸ್ಟೂಲ್ ಎಳೆದುಕೊಂಡು ಅವನ ಕೋಣೆಯ ಎದುರಿಗೇ ಕೂತರು. ಮೇಲಿನವರಿಗೆ ತಿಳಿಸಿದರು, ಗಂಟೆ ನಿಮಿಷ ಹಾಕಿ ಎಲ್ಲವನ್ನೂ ಬರೆದಿಟ್ಟರು. ಗೇಟಿನ ಹೊರಗಿದ್ದ ನನಗೆ "ಮಲಗಿದ್ದಾನೆ, ನಾನಿಲ್ಲೇ ಇದ್ದೀನಿ" ಎಂದು ಆಗಾಗ ಹೇಳಿಕಳಿಸುತ್ತಿದ್ದರು. ಬೆಳಗಿನ ಎಣಿಕೆ ಮುಗಿಯುವವರೆಗೂ ಅಲ್ಲಾಡಲಿಲ್ಲ.

ನನಗೆ ಭಯವಾಗಿತ್ತು. ಅವನಿಗೇನಾದರೂ ಆಗಿದ್ದರೆ ಇನ್ನೊಬ್ಬನಿಗೆ "ಬರಿ, ಹೆದರಬೇಡ" ಅನ್ನಲು ನನಗೆ ಯಾವ ಮುಖವಿರುತ್ತಿತ್ತು? ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತಿದೆ. ದೂರು ಕೊಟ್ಟವನ ಮೇಲೆ ಯಾರೂ ಸೇಡು ತೀರಿಸಿಕೊಳ್ಳಬಾರದು ಎನ್ನುವ, ಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳ 57ನೇ ನಿಯಮವನ್ನು ಈಗ ಪಾಠ ಮಾಡುವಾಗ, ಸಾಹೇಬರ ಒಪ್ಪಿಗೆ ಪಡೆದು, ಆ ರಾತ್ರಿಯನ್ನೇ ಉದಾಹರಣೆ ಕೊಡುತ್ತೇನೆ.

ಮುಂದಿನ ತಿಂಗಳು ಅವರ ನಿವೃತ್ತಿ. ಹೊಸ ವಾರ್ಡರ್‌ಗಳಿಗೆ ದೂರು ರಿಜಿಸ್ಟರ್ ಬರೆಯುವುದನ್ನು ನೀವೇ ಹೇಳಿಕೊಡಿ ಎಂದು ಕೇಳಿದೆವು, ಒಪ್ಪಿದ್ದಾರೆ. ಆ ರಾತ್ರಿ ಬುತ್ತಿ ಕಟ್ಟಿ, ನನಗೂ ಸೇರಿಸಿ ಕಳಿಸಿದ ಅವರ ಮನೆಯವರಿಗೆ ನನ್ನ ನಮಸ್ಕಾರ.