ಶನಿವಾರದ ಎಪಿಸೋಡ್: ಸಮಯ ಬದಲಾಗಿದೆ, ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ರಾತ್ರಿ 9ಕ್ಕಲ್ಲ, 8:30ಕ್ಕೇ ಶುರು. ದುಬೈನಲ್ಲಿರುವವರಿಗೆ ಸಂಜೆ 7. ಕಳೆದ ಸಲ ಹರಟೆ ಮುಗಿಯುವ ಹೊತ್ತಿಗೆ ಅರ್ಧ ಜನ ತೂಕಡಿಸುತ್ತಿದ್ದಿರಿ, ಅದಕ್ಕೇ.

ನೋಡುವುದು ಬಾಹ್ಯಾಕಾಶದ ಕತೆಗಳ ಹಳೆಯ ಅಮೆರಿಕನ್ ಟಿವಿ ಸರಣಿ ‘ಸ್ಟಾರ್ ಟ್ರೆಕ್’ನ ಮೊದಲ ಸೀಸನ್ನಿನ ‘ದಿ ಗೆಲಿಲಿಯೋ ಸೆವೆನ್’. 1967ರ ಜನವರಿಯಲ್ಲಿ ಬಂದದ್ದು, ಸುಮಾರು 50 ನಿಮಿಷ. ಪುಟ್ಟ ಷಟಲ್ ನೌಕೆಯಲ್ಲಿ ಹೊರಟ ಏಳು ಜನ ಗೊತ್ತಿಲ್ಲದ ಗ್ರಹದಲ್ಲಿ ಸಿಕ್ಕಿಬೀಳುತ್ತಾರೆ, ಇಂಧನ ಸಾಲದು, ಭಾರ ಇಳಿಸದೆ ಮೇಲೇಳುವಂತಿಲ್ಲ, ಯಾರನ್ನು ಬಿಟ್ಟುಹೋಗುವುದು ಅಂತ ತಂಡದ ನಾಯಕ ಸ್ಪಾಕ್ ತಣ್ಣಗೆ ಲೆಕ್ಕ ಹಾಕುತ್ತಿದ್ದರೆ ಉಳಿದವರಿಗೆ ಮೈಯೆಲ್ಲ ಉರಿ. ಎಂಜಿನಿಯರ್ ಸ್ಕಾಟಿ, ತಂಡದವರ ಕೈಲಿರುವ ಫೇಸರ್ (ಕಿರಣ ಹೊಡೆಯುವ) ಗನ್ನುಗಳ ಶಕ್ತಿಯನ್ನೇ ಒಂದೊಂದಾಗಿ ಎಂಜಿನ್ನಿಗೆ ಬಸಿಯುವ ದೃಶ್ಯ ತಪ್ಪಿಸಬೇಡಿ. ಅಲ್ಲಿನ ದೈತ್ಯರ ವೇಷ ನೋಡಿದರೆ ನಗು ಬರುತ್ತೆ, ಸಹಿಸಿಕೊಳ್ಳಿ.

ಎಪಿಸೋಡನ್ನು ಮೊದಲೇ ತೆರೆದಿಟ್ಟುಕೊಂಡು 8:25ಕ್ಕೆ ಕಾಲ್‌ಗೆ ಬನ್ನಿ, ಮೈಕ್ ಆಫ್ ಇರಲಿ (ಹೋದ ಸಲ ಯಾರದೋ ಮನೆಯ ಕುಕ್ಕರ್ ಮೂರು ಸೀಟಿ ಹೊಡೆಯಿತು). ನಾನು ‘ಶುರು’ ಅಂದಾಗ ಎಲ್ಲರೂ ಒಟ್ಟಿಗೆ ಪ್ಲೇ ಒತ್ತಿ. ಮೊದಲೇ ನೋಡಿರುವವರು ದಯವಿಟ್ಟು ಕೊನೆ ಹೇಳಬೇಡಿ, ಸ್ಪಾಕ್ ಮಾಡುವ ಆ ಒಂದು ಕೆಲಸದಲ್ಲೇ ಮಜಾ ಇರುವುದು.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ. ಸುಮ್ನೆ ಹೆಬ್ಬೆರಳು ತೋರಿಸಿದರೆ ಲೆಕ್ಕಕ್ಕಿಲ್ಲ.